ಆರು ವರ್ಷ ತೆರೆದಿದ್ದ ಪ್ರಶ್ನೆ

ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅರವತ್ತು ದಾಟಿದವರಿಗೂ ಅವಳು ಅಕ್ಕನೇ, ಮೊನ್ನೆ ಮೊನ್ನೆ ಹೊಲಿಗೆ ಮೆಷಿನ್ ಕೊಂಡವರಿಗೂ ಅಕ್ಕನೇ. "ಅಕ್ಕಾ, ತೋಳು ಹಿಂದುಮುಂದಾಗಿದೆ." "ಅಕ್ಕಾ, ಪ್ರಿಂಟ್ ತೆಗೆದ್ರೆ ಕಾಲರ್ ಎರಡು ಹಾಳೆಗೆ ಹರಿದು ಹಂಚಿಹೋಗುತ್ತೆ." "ಅಕ್ಕಾ, ಬೈಬೇಡಿ, ಪಾಸ್‌ವರ್ಡ್ ಮತ್ತೆ ಮರೆತೆ."

ದರ್ಜಿಗಳಿಗಾಗಿ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ ಅದು. ಮೈಯಳತೆ ಹಾಕಿದರೆ ಸಾಕು, ಬಟ್ಟೆ ಕತ್ತರಿಸುವ ನಕ್ಷೆಯನ್ನು ಅದು ಕಾಗದದ ಮೇಲೆ ಬಿಡಿಸಿಕೊಡುತ್ತಿತ್ತು. ಕೊಂಡವರೆಲ್ಲ ತಮ್ಮ ತಮ್ಮ ಕಷ್ಟ ಹೇಳಿಕೊಳ್ಳಲು ಕಂಪನಿಯದೇ ಒಂದು ಹಳೆಯ ಫೋರಂ ಇತ್ತು. ಆ ಫೋರಂ ನೋಡಿಕೊಳ್ಳುವುದು ಅವಳ ಕೆಲಸ. ಬೆಳಗ್ಗೆ ಕಂಪ್ಯೂಟರ್ ಮುಂದೆ ಕೂತು, ಒಂದು ಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆದು, ಆಮೇಲೆ ಫೋರಂನ ಬಾಗಿಲು ತೆರೆಯುವುದು ಅವಳ ರೂಢಿ. ಪಕ್ಕದ ಮೇಜಿನ ಗೆಳತಿ ನಗುತ್ತಿದ್ದಳು. "ಪಾಸ್‌ವರ್ಡ್ ಮರೆತೋರಿಗೋಸ್ಕರ ಪ್ರಾರ್ಥನೆ ಮಾಡೋಳು ನೀನೊಬ್ಬಳೇ ಕಣೇ."

ಅವಳನ್ನು ಅಕ್ಕ ಎನ್ನದವನು ಇಡೀ ಫೋರಂನಲ್ಲಿ ಒಬ್ಬನೇ ಒಬ್ಬ.

ಎಲ್ಲರೂ ಅವನನ್ನು ಮಾಸ್ಟರ್ ಎನ್ನುತ್ತಿದ್ದರು. ರೈಲಿನಲ್ಲಿ ಮೂರು ಗಂಟೆ ದೂರದ ಊರಲ್ಲಿ ಅವನದೊಂದು ಕೋಟು ಹೊಲಿಯುವ ಅಂಗಡಿ. ಕಂಪನಿಯಿಂದ ಅವನಿಗೆ ಬಿಡಿಗಾಸಿನ ಲಾಭವಿಲ್ಲ. ಆದರೂ ಯಾರು ಏನು ಕೇಳಿದರೂ ಸಂಜೆಯಾಗುವುದರೊಳಗೆ ಅವನ ಉತ್ತರ ಇರುತ್ತಿತ್ತು. ಉತ್ತರವಿಲ್ಲದ ಪ್ರಶ್ನೆಯನ್ನು ಬಿಟ್ಟು ಅಂಗಡಿ ಮುಚ್ಚಿದರೆ ಸೊಳ್ಳೆ ಕಿವಿಯಲ್ಲಿ ಗುಂಯ್ ಎಂದ ಹಾಗಾಗುತ್ತದೆ ಎಂದು ಒಮ್ಮೆ ಬರೆದಿದ್ದ. ಅವನ ಮುಖ ಅವಳು ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಅವನ ಹೆಸರಿನ ಪಕ್ಕ ಫೋಟೋ ಇರಬೇಕಾದಲ್ಲಿ ನಾಲ್ಕು ತೂತಿನ ಒಂದು ಕಂದು ಗುಂಡಿ ಇತ್ತು.

ಅವಳು ಕೆಲಸಕ್ಕೆ ಸೇರಿದ ಮೊದಲ ವಾರ, ಕಲಿಯಲೆಂದು, ತಾನೂ ಒಂದು ಪ್ರಶ್ನೆ ಹಾಕಿದ್ದಳು. ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮನಿಗೆ ಕಾಯಿಲೆಯಾಗಿ ಎದ್ದಮೇಲೆ ಎಡಭುಜ ಇಳಿದುಬಿಟ್ಟಿತ್ತು. ಯಾವ ಕೋಟು ಹಾಕಿದರೂ ಆ ಕಡೆ ಜಾರುತ್ತಿತ್ತು. ಅಳತೆ ಕೊಡಲು ಯಾರ ಮುಂದೆಯೂ ನಿಲ್ಲಲೊಲ್ಲದೆ ಚಿಕ್ಕಮ್ಮ ಚಳಿಗಾಲವೆಲ್ಲ ಶಾಲು ಹೊದ್ದು ಕಳೆಯುತ್ತಿದ್ದಳು. ಇದಕ್ಕೆ ನಕ್ಷೆ ಹೇಗೆ ತಿದ್ದಬೇಕು?

ಮಾಸ್ಟರ್ ಬರೆದಿದ್ದ: "ಎರಡು ಭುಜದ ಅಳತೆ ಬೇರೆ ಬೇರೆ ತೆಗೆಯಿರಿ. ಎರಡೂ ಒಂದೇ ಎಂದು ನಿಮ್ಮ ಸಾಫ್ಟ್‌ವೇರ್ ಅಂದುಕೊಂಡಿದೆ. ತಪ್ಪು ಅದರದು, ನಿಮ್ಮ ಚಿಕ್ಕಮ್ಮನದಲ್ಲ."

ಆ ಕೊನೆಯ ಮಾತನ್ನು ಅವಳು ಅಂದು ಏಳು ಸಲ ಓದಿದಳು. ಚಿಕ್ಕಮ್ಮನಿಗೂ ಓದಿ ಹೇಳಿದಳು. ಚಿಕ್ಕಮ್ಮ ಮುಖ ತಿರುಗಿಸಿಕೊಂಡು, "ಯಾರೋ ಒಳ್ಳೆ ಮನೆಯವನು," ಎಂದಳು. ಮನೆಯಲ್ಲೇ ಟೇಪು ಹಿಡಿಸಿಕೊಂಡಳು. ಅಳತೆ ಫೋರಂ ಸೇರಿತು. ಕೋಟು ಮಾತ್ರ ಆಗಲಿಲ್ಲ. ಅಂಗಡಿ ಮೆಟ್ಟಿಲು ಹತ್ತಲು ಚಿಕ್ಕಮ್ಮ ಒಪ್ಪಲಿಲ್ಲ.

ಫೋರಂನಲ್ಲಿ ಒಂದು ನಿಯಮವಿತ್ತು. ಉತ್ತರ ಸಿಕ್ಕವರು 'ಪರಿಹಾರವಾಯಿತು' ಎಂಬ ಹಸಿರು ಗುರುತು ಒತ್ತಬೇಕು. ಒತ್ತಿದರೆ ಆ ಪುಟಕ್ಕೆ ಬೀಗ, ಆಮೇಲೆ ಅಲ್ಲಿ ಯಾರೂ ಬರೆಯುವಂತಿಲ್ಲ. ಊರಿಗೆಲ್ಲ "ಒತ್ತಿ, ಮರೀಬೇಡಿ" ಎಂದು ಬುದ್ಧಿ ಹೇಳುವವಳು ತನ್ನ ಪ್ರಶ್ನೆಗೆ ಮಾತ್ರ ಒತ್ತಿರಲಿಲ್ಲ. ಕೋಟು ಆಗಿಲ್ಲವಲ್ಲ ಎನ್ನುವುದು ನೆವ. ವರ್ಷಕ್ಕೆ ನಾಲ್ಕಾರು ಸಲ ಮಾಸ್ಟರ್ ಆ ಪುಟಕ್ಕೆ ಬಂದು "ಕೋಟು ಆಯಿತೇ?" ಎಂದು ಕೇಳುತ್ತಿದ್ದ. ಅವಳು "ಇನ್ನೂ ಇಲ್ಲ" ಎನ್ನುತ್ತಿದ್ದಳು. ಅಷ್ಟೇ. ಅಷ್ಟಕ್ಕೇ ಅವಳ ಇಡೀ ದಿನ ಹಗುರಾಗುತ್ತಿತ್ತು.

*

ಒಂದು ಸೋಮವಾರ ಮೇಡಂ ಅವಳನ್ನು ಕರೆದರು. ಕಂಪನಿ ಕಟ್ಟಿದವರೇ ಅವರು.

"ನಮ್ಮ ಫೋರಂ ಮುದಿಯಾಯ್ತು. ಅದನ್ನ ಬರೆದೋರೇ ಕೈಬಿಟ್ಟಿದ್ದಾರೆ. ಹೊಸ ಕಮ್ಯುನಿಟಿ ಪ್ಲಾಟ್‌ಫಾರ್ಮ್ ಬೇಕು. ಮೂರು ಆರಿಸಿಟ್ಟಿದ್ದೀನಿ. ಟ್ರಯಲ್ ನೋಡಿ, ಮುಂದಿನ ಶುಕ್ರವಾರ ಗ್ರಾಹಕರನ್ನ ಇಲ್ಲಿಗೇ ಕರೆಸಿ ತೀರ್ಮಾನ ಮಾಡೋಣ. ನೀನು ಹೇಳಿದ್ದೇ ಕೊನೆ."

"ಆಗಲಿ ಮೇಡಂ."

"ಇನ್ನೊಂದು. ಲೆಕ್ಕ ತೆಗೆಸಿದೆ. ಒಂಬತ್ತು ಸಾವಿರ ಪ್ರಶ್ನೇಲಿ ಆರು ವರ್ಷದಿಂದ ಪರಿಹಾರವಾಗದೇ ಉಳಿದದ್ದು ಒಂದೇ ಒಂದು. ಯಾರದ್ದು ಗೊತ್ತಾ?"

ಅವಳು ಮೇಜಿನ ಮೇಲಿನ ಪೆನ್ನನ್ನು ಬಹಳ ಶ್ರದ್ಧೆಯಿಂದ ನೇರ ಮಾಡಿದಳು.

"ಅದೇನು ಅಷ್ಟು ಕಷ್ಟದ ಪ್ರಶ್ನೆಯೇನೆ?" ಎಂದರು ಮೇಡಂ. ಕಣ್ಣಲ್ಲಿ ನಗು ಇತ್ತು.

ಟ್ರಯಲ್ ನೋಡಲು ಇಬ್ಬರು ಗ್ರಾಹಕರನ್ನು ಆರಿಸಿ ಒಳಹೋಗುವ ಪಾಸ್‌ವರ್ಡಿನ ಬೀಗದಕೈ ಕೊಟ್ಟಳು. ಒಬ್ಬ ಮಾಸ್ಟರ್. ಇನ್ನೊಬ್ಬರು ಬೊಂಬೆಗಳಿಗೆ ಬಟ್ಟೆ ಹೊಲಿಯುವ ಒಬ್ಬ ನಿವೃತ್ತ ಟೀಚರು. ಫೋರಂನಲ್ಲಿ ಅವರಿಗೆ ಬೊಂಬೆಯಜ್ಜಿ ಎಂದೇ ಹೆಸರು.

ಮೊದಲನೆಯ ಪ್ಲಾಟ್‌ಫಾರ್ಮ್ ಜಾತ್ರೆಯಂತೆ ಝಗಝಗಿಸುತ್ತಿತ್ತು. ಮುಟ್ಟಿದ್ದಕ್ಕೆಲ್ಲ ಅಂಕ, ತಟ್ಟಿದ್ದಕ್ಕೆಲ್ಲ ಪದಕ.

"ನನಗಿಲ್ಲಿ ಒಂದು ನಕ್ಷತ್ರ ಕೊಟ್ಟಿದ್ದಾರೆ. ಯಾಕೆ?" ಎಂದು ಮಾಸ್ಟರ್ ಬರೆದ.

"ನೀವು ಒಳಗೆ ಬಂದ್ರಿ ಅಂತ."

"ಬರೀ ಬಂದಿದ್ದಕ್ಕೆ?"

"ಹೂಂ."

"ಹಾಗಾದ್ರೆ ನಾಳೆಯಿಂದ ನನ್ನಂಗಡಿಗೆ ಬಂದೋರಿಗೆಲ್ಲ ಒಂದೊಂದು ಗುಂಡಿ ಕೊಟ್ಟು ಕಳಿಸ್ತೀನಿ."

ಅವಳು ಒಬ್ಬಳೇ ನಕ್ಕಳು. ಗೆಳತಿ ಪಕ್ಕದಿಂದ ಕತ್ತು ಚಾಚಿ, "ಏನಮ್ಮಾ, ಪಾಸ್‌ವರ್ಡ್ ಮರೆತೋರು ಇಷ್ಟು ಚೆನ್ನಾಗಿ ಜೋಕ್ ಮಾಡ್ತಾರಾ?" ಎಂದಳು.

ಎರಡನೆಯದು ಹರಟೆಯ ಮನೆ. ಬರೆದದ್ದೆಲ್ಲ ಮೇಲೆ ಮೇಲೆ ಸರಿದು ಗಂಟೆಯೊಳಗೆ ಕಣ್ಮರೆ. ಬೊಂಬೆಯಜ್ಜಿ ಬೆಳಗ್ಗೆ ಕೇಳಿದ ಪ್ರಶ್ನೆಯನ್ನು ಮಧ್ಯಾಹ್ನ ಅವರೇ ಹುಡುಕಲಾರದೆ, "ನಾನು ಏನೋ ಕೇಳಿದ್ದೆ, ಏನು ಅಂತ ಯಾರಿಗಾದ್ರೂ ಜ್ಞಾಪಕ ಇದ್ರೆ ಉತ್ತರ ಹೇಳಿ," ಎಂದು ಬರೆದರು.

ಮೂರನೆಯದು ಹದವಾಗಿತ್ತು. ಒಂದು ಪ್ರಶ್ನೆಗೆ ಒಂದು ಪುಟ, ಹಳೆಯದು ಹುಡುಕಿದರೆ ಸಿಗುತ್ತಿತ್ತು. ಹಳೆ ಫೋರಂನ ಬರಹವನ್ನೆಲ್ಲ ತಾನೇ ತಂದು ಜೋಡಿಸಿಕೊಳ್ಳುತ್ತೇನೆ ಎನ್ನುತ್ತಿತ್ತು. "ನೋಡೋಣ, ಒಂದು ಸಲ ತಂದು ನೋಡ್ತೀನಿ," ಎಂದಳು ಗೆಳತಿ; ಡೇಟಾ ಸಾಗಿಸುವ ಕೆಲಸ ಅವಳದು. ಭಾನುವಾರವೆಲ್ಲ ಅದು ತಂತಾನೇ ಸಾಗಿತು.

*

ಸೋಮವಾರ ಬೆಳಗ್ಗೆ ಅವಳು ಹೊಸದರಲ್ಲಿ ಮೊದಲು ತೆರೆದದ್ದು ಚಿಕ್ಕಮ್ಮನ ಭುಜದ ಪುಟವನ್ನೇ. ಸಾಗಿಬಂದದ್ದು ಸರಿಯಾಗಿದೆಯೇ ನೋಡಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಐದು ವರ್ಷದ ಹಿಂದಿನ ಅವಳ "ಇನ್ನೂ ಇಲ್ಲ"ದ ಕೆಳಗೆ, ಅವಳು ಎಂದೂ ಕಾಣದ ಒಂದು ಬರಹವಿತ್ತು. ಪಕ್ಕದಲ್ಲಿ ಕಂದು ಗುಂಡಿ.

"ಕೋಟು ಆಗದೇ ಇರಲಿ ಎಂದು ಒಂದೊಂದು ಸಲ ಅನ್ನಿಸುತ್ತದೆ, ಕ್ಷಮಿಸಿ. ಕೋಟು ಆದ ದಿನ ನೀವು ಹಸಿರು ಗುರುತು ಒತ್ತುತ್ತೀರಿ, ಈ ಪುಟಕ್ಕೆ ಬೀಗ ಬೀಳುತ್ತದೆ. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ನಾನು ನೋಡುವುದು ಇದೊಂದನ್ನೇ. ಇದನ್ನು ಕಳಿಸುವುದಿಲ್ಲ. ಬರೆದು ನೋಡಿದೆ, ಅಷ್ಟೆ."

ಕೆಳಗೆ ಇನ್ನೂ ಇವೆ ಎಂದು ಪುಟದ ಉದ್ದವೇ ಹೇಳುತ್ತಿತ್ತು. ಬೆರಳು ಕೆಳಗೆ ಸರಿಯಲು ಹಾತೊರೆಯಿತು. ಬೇರೆಯವರ ಮನೆಯ ದೇವರ ಮುಂದೆ, ಅವರು ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿರುವಾಗ, ಕಿವಿಗೊಟ್ಟು ನಿಂತಂತೆ ಅನ್ನಿಸಿತು ಅವಳಿಗೆ. ಫಕ್ಕನೆ ಪುಟ ಮುಚ್ಚಿದಳು.

"ಲೇ, ಬಾ ಇಲ್ಲಿ. ಇದನ್ನ ಈಗಲೇ ನಿಲ್ಲಿಸು."

ಗೆಳತಿ ನೋಡಿ ಹಣೆ ಚಚ್ಚಿಕೊಂಡಳು. ಬರೆದು ಕಳಿಸದೆ ಬಿಟ್ಟ ಡ್ರಾಫ್ಟ್‌ಗಳನ್ನು ಹಳೆ ಫೋರಂ ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿತ್ತು. ಹೊಸದು ಅವನ್ನೂ ಕಳಿಸಿದ ಬರಹವೆಂದೇ ತಿಳಿದು ಆಯಾ ಪುಟದಲ್ಲಿ ಹಚ್ಚಿಬಿಟ್ಟಿತ್ತು. ಹತ್ತು ಗಂಟೆಗೆಲ್ಲ ಗೆಳತಿ ಅಷ್ಟನ್ನೂ ಅಳಿಸಿದಳು.

"ಯಾರೂ ನೋಡಿರಲ್ಲ ಬಿಡು. ಸುಮ್ಮನಿದ್ದುಬಿಡೋಣ."

"ನಾನು ನೋಡಿದೀನಲ್ಲ."

ಆ ಮಧ್ಯಾಹ್ನ ಮಾಸ್ಟರ್‌ಗೆ ಒಂದು ಮೇಲ್ ಬರೆದಳು. ನಾಲ್ಕು ಸಲ ಬರೆದು ಅಳಿಸಿ, ಐದನೆಯದನ್ನು ಕಳಿಸಿದಳು. "ನೀವು ಕಳಿಸದೆ ಇಟ್ಟ ಬರಹಗಳು ನಮ್ಮ ತಪ್ಪಿನಿಂದ ಟ್ರಯಲ್‌ನಲ್ಲಿ ಹೊರಬಿದ್ದವು. ಈಗ ಅಳಿಸಿದ್ದೇವೆ. ಭುಜದ ಪುಟದ ಮೊದಲನೆಯದನ್ನು ನಾನು ಓದಿದೆ. ಒಂದನ್ನೇ. ಓದಬಾರದಿತ್ತು. ಕ್ಷಮೆ ಕೇಳುತ್ತೇನೆ."

ಉತ್ತರ ಬರಲಿಲ್ಲ.

ಮಂಗಳವಾರ ಬರಲಿಲ್ಲ. ಬುಧವಾರ ಫೋರಂನಲ್ಲಿ ಮೂರು ಪ್ರಶ್ನೆಗಳು ಅನಾಥವಾಗಿ ಬಿದ್ದಿದ್ದವು. ಆರು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ. "ಮಾಸ್ಟರ್‌ಗೆ ಮೈ ಸರಿಯಿಲ್ವಾ ಅಕ್ಕಾ?" ಎಂದು ಜನ ಕೇಳತೊಡಗಿದರು. ಅವಳು ಏನು ಹೇಳಿಯಾಳು? ಊರ ಬಾವಿಗೆ ತಾನೇ ಕಲ್ಲು ಹಾಕಿ ಮುಚ್ಚಿದಂತಾಗಿತ್ತು.

ಗುರುವಾರ ಸಂಜೆ ಚಿಕ್ಕಮ್ಮನ ಮುಂದೆ ಎಲ್ಲ ಹೇಳಿದಳು. ಚಿಕ್ಕಮ್ಮ ಶಾಲು ಸರಿಮಾಡಿಕೊಂಡು ಕೇಳಿದಳು.

"ಓದಿದ್ದು ತಪ್ಪು. ಹೇಳಿದ್ದು ಸರಿ."

"ಅಷ್ಟೇನಾ?"

"ಇನ್ನೇನು? ಇನ್ನುಳಿದದ್ದು ಅವನ ಕೈಲಿದೆ, ಭಗವಂತನ ಕೈಲಿದೆ. ನಿನ್ನ ಕೈಲಿ ಆ ತಟ್ಟೆ ಇದೆ. ಹತ್ತು ನಿಮಿಷದಿಂದ ಉಜ್ತಾ ಇದೀಯ, ತಳ ತೂತಾದೀತು, ಇಡು."

ಆಮೇಲೆ ಚಿಕ್ಕಮ್ಮನೇ ಕೇಳಿದಳು. "ನನ್ನ ಭುಜದ ವಿಷಯ ಆರು ವರ್ಷ ಮಾತಾಡಿದ್ರಾ ಇಬ್ಬರೂ? ಅದರಲ್ಲಿ ಮಾತಾಡೋಕೆ ಏನಿದೆಯೇ ಅಷ್ಟು?"

ಅವಳು ಉಜ್ಜಲು ಇನ್ನೊಂದು ತಟ್ಟೆ ತೆಗೆದುಕೊಂಡಳು.

*

ಶುಕ್ರವಾರ ಹನ್ನೊಂದಕ್ಕೆ ಸಭೆ. ಉದ್ದನೆಯ ಮೇಜಿನ ಸುತ್ತ ಏಳೆಂಟು ದರ್ಜಿಗಳು ಬಂದು ಕೂತರು. ಕೂತವರೆಲ್ಲ ಮೊದಲು ಎದುರಿನವರ ಅಂಗಿಯ ಕಾಲರ್ ನೋಡಿದರು. ಬೊಂಬೆಯಜ್ಜಿ ತಮ್ಮ ಚೀಲದಿಂದ ಗೇಣುದ್ದದ ಒಂದು ಬೊಂಬೆ ತೆಗೆದು, "ಇವಳಿಗೂ ಒಂದು ಓಟು ಇರಲಿ," ಎಂದು ಮೇಜಿನ ಮೇಲೆ ಕೂರಿಸಿದರು. ಒಂದು ಕುರ್ಚಿ ಖಾಲಿ ಇತ್ತು. ಅವಳು ಆ ಕಡೆ ನೋಡದೇ ಇರಲು ಬಹಳ ಕಷ್ಟಪಡುತ್ತಿದ್ದಳು.

ಹನ್ನೊಂದೂಕಾಲಿಗೆ ಬಾಗಿಲು ಸರಿಯಿತು.

ತೆಳ್ಳಗಿನ ಮನುಷ್ಯ, ಕಿವಿಯ ಪಕ್ಕ ನಾಲ್ಕು ನರೆಗೂದಲು. ಕಂಕುಳಲ್ಲಿ ಕಾಗದದ ಒಂದು ಕಟ್ಟು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಮೂರು ಗಂಟೆ ರೈಲಿನಲ್ಲಿ ಬಂದರೂ ತೆಗೆಯುವುದು ಮರೆತಿದ್ದ. ಯಾರೂ ಹೇಳಬೇಕಾಗಿರಲಿಲ್ಲ. ಅವಳ ಎದೆಗೆ ಅವನ ಗುರುತು ಸಿಕ್ಕಿತು.

ಅವನು ಸುತ್ತ ನೋಡಿದ. ನೋಟ ಅವಳ ಮೇಲೆ ಬಂದು ನಿಂತಿತು, ಬೆಚ್ಚಿದಂತೆ ಕೆಳಗಿಳಿಯಿತು, ಮತ್ತೆ ಮೆಲ್ಲನೆ ಮೇಲೆ ಬಂತು. ಅಷ್ಟರಲ್ಲಿ ಅವಳ ನೋಟ ಇಳಿದಿತ್ತು. ಹೀಗೆ ಎರಡು ಸಲ ತಪ್ಪಿಹೋಗಿ ಮೂರನೆಯ ಸಲ ಎರಡೂ ಸೇರಿದವು.

"ಮಾಸ್ಟರ್, ಟೇಪು," ಎಂದರು ಬೊಂಬೆಯಜ್ಜಿ. "ಇಲ್ಲಿ ಯಾರ ಅಳತೆ ತಗೊಳ್ಳೋಕೆ ಬಂದೆ?"

ಅವನು ಕೆಂಪಾಗಿ ಟೇಪನ್ನು ಸುತ್ತಿ ಜೇಬಿಗಿಟ್ಟ.

ಮೇಡಂ ಮೂರನ್ನೂ ವಿವರಿಸಿದರು. ಪದಕದ ಮಾತು ಬಂದಾಗ ಬೊಂಬೆಯಜ್ಜಿ, "ಮೂವತ್ತು ವರ್ಷ ಮಕ್ಕಳಿಗೆ ಪದಕ ಹಂಚಿದೀನಿ, ಈಗ ನನಗೆ ಯಾಕಪ್ಪ?" ಎಂದರು. ಎರಡನೆಯದು ಯಾರಿಗೂ ಬೇಡವಾಯಿತು. "ಹಾಗಾದ್ರೆ ಮೂರನೇದು. ಏನಾದ್ರೂ ಹೇಳೋದಿದೆಯಾ?" ಎಂದು ಮೇಡಂ ಅವಳ ಕಡೆ ತಿರುಗಿದರು.

ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಅವಳು ಎದ್ದು ನಿಂತಳು.

"ಇದೆ ಮೇಡಂ. ಇದೇ ಒಳ್ಳೇದು. ಆದ್ರೆ ಸೋಮವಾರ ಇದು ಹಳೆ ಫೋರಂನಿಂದ ಜನ ಬರೆದು ಕಳಿಸದೇ ಬಿಟ್ಟದ್ದನ್ನೂ ಹೊರಗೆ ಹಾಕಿತ್ತು. ಬೆಳಗ್ಗೆ ಹತ್ತರವರೆಗೂ ಹಾಗೇ ಇತ್ತು. ಅದರಲ್ಲಿ ಒಂದನ್ನ ನಾನು ಓದಿದೆ. ಇಲ್ಲಿ ಕೂತಿರೋ ಯಾರಿಗೂ ಇದು ತಿಳೀದೇ ಇರಬಾರದು. ಇದಾದ ಮೇಲೂ ನಂಬಿಕೆ ಇದ್ರೆ ಮಾತ್ರ ಒಪ್ಕೊಳ್ಳಿ."

ಮೇಡಂ ಹುಬ್ಬು ಗಂಟಿಕ್ಕಿದರು.

"ನಾನೊಂದು ಮಾತು ಹೇಳಲಾ?"

ಅವನ ದನಿ. ಅವಳು ಊಹಿಸಿದ್ದಕ್ಕಿಂತ ಮೆತ್ತಗಿತ್ತು, ಉಣ್ಣೆಬಟ್ಟೆಯ ಮೇಲೆ ಕೈಯಾಡಿಸಿದ ಹಾಗೆ.

"ಮೂರನೇದೇ ಇರಲಿ. ತಪ್ಪಾಗಿದ್ದು ಅದು ಎಲ್ಲಾ ಜೋಪಾನ ಮಾಡುತ್ತೆ ಅಂತಲೇ. ಇನ್ಮೇಲೆ ಕಳಿಸದೇ ಇಟ್ಟದ್ದನ್ನ ಅವರವರನ್ನ ಕೇಳದೆ ಮುಟ್ಟೋದು ಬೇಡ. ಅಷ್ಟು ಮಾಡಿದ್ರೆ ಸಾಕು." ಅವಳ ಕಡೆ ತಿರುಗಿ ಅಂದ: "ತಪ್ಪನ್ನ ತಾವಾಗೇ ಎದ್ದು ಹೇಳೋರು ಇದನ್ನ ನೋಡ್ಕೊಳ್ತಾರೆ ಅಂದ್ರೆ ನಂಬಿಕೆಗೇನು ಕೊರತೆ?"

ಕೈಗಳು ಎದ್ದವು. ಬೊಂಬೆಯಜ್ಜಿ ಬೊಂಬೆಯ ಕೈಯನ್ನೂ ಎತ್ತಿಹಿಡಿದರು. ಸಭೆ ಮುಗಿದು ಹೊರಡುವಾಗ ಅವಳ ಗಲ್ಲ ಮುಟ್ಟಿ ಪಿಸುಗುಟ್ಟಿದರು. "ನನಗೂ ಬೀಗದಕೈ ಕೊಟ್ಟಿದ್ಯಲ್ಲ ಮಗಳೇ, ಸೋಮವಾರ ನಾನೂ ಬೇಗ ಎದ್ದಿದ್ದೆ. ಆದ್ರೆ ಕನ್ನಡಕ ಸಿಗಲಿಲ್ಲ. ಏನೂ ಕಾಣಲಿಲ್ಲ. ಒಂದಕ್ಷರಾನೂ ಕಾಣಲಿಲ್ಲ ಅಂತ ಅವನಿಗೂ ಹೇಳು."

*

ಮೆಟ್ಟಿಲ ತಿರುವಿನ ಕಿಟಕಿಯ ಹತ್ತಿರ ಅವನು ಕಾಗದದ ಕಟ್ಟು ಹಿಡಿದು ನಿಂತಿದ್ದ.

"ನಿಮ್ಮ ಮೇಲ್‌ಗೆ ಉತ್ತರ ಬರೀಲಿಲ್ಲ," ಎಂದ.

"ಕೋಪ ಬಂತು ಅಂದ್ಕೊಂಡೆ."

"ಕೋಪ ಅಲ್ಲ, ನಾಚಿಕೆ. ಸೋಮವಾರ ಏಳು ಗಂಟೆಗೆ, ಅಂಗಡಿ ತೆಗೆಯೋ ಮುಂಚೆ, ನಾನೂ ಟ್ರಯಲ್‌ನಲ್ಲಿ ಆ ಪುಟ ತೆರೆದೆ." ಕಟ್ಟಿನ ದಾರವನ್ನು ಬೆರಳಿಗೆ ಸುತ್ತಿಕೊಂಡ. "ಅಲ್ಲಿ ನಿಮ್ಮವೂ ಇದ್ವು."

ಬರೆದು, ಓದಿಕೊಂಡು, ಕಳಿಸದೆ ಪುಟ ಮುಚ್ಚಿದ ಎಷ್ಟು ಸಂಜೆಗಳು! ಮುಚ್ಚಿದರೆ ಅಳಿಸಿಹೋಗುತ್ತದೆ ಎಂದು ನಂಬಿದ್ದಳು. ಅವನದು ಕಂಡಾಗಲೂ ತನ್ನವು ಇರಬಹುದೆಂದು ಹೊಳೆದಿರಲಿಲ್ಲ.

"ಎಷ್ಟಿದ್ವು?"

"ಹನ್ನೊಂದು. ನೀವು ಒಂದು ಓದಿ ಒಪ್ಕೊಂಡ್ರಿ. ನಾನು ಹನ್ನೊಂದೂ ಓದಿ ಬಾಯಿ ಮುಚ್ಕೊಂಡು ಕೂತಿದ್ದೆ. ನಿಮ್ಮ ಮೇಲ್ ಬಂದಾಗ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಬರೆದು ಕ್ಷಮೆ ಕೇಳೋದು ಸಾಲದು, ಎದುರಿಗೆ ಬಂದೇ ಕೇಳಬೇಕು ಅಂದ್ಕೊಂಡೆ."

ಅವಳು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

"ಎಲ್ಲವೂ ಪ್ರಶ್ನೆಗಳೇ ಆಗಿದ್ವು," ಅವನು ಮೆಲ್ಲನೆ ಹೇಳಿದ. "ಉತ್ತರ ಇಲ್ಲದ ಪ್ರಶ್ನೆ ಬಿಟ್ರೆ ನನಗೆ ಸೊಳ್ಳೆ ಕಾಟ, ನಿಮಗೇ ಗೊತ್ತು. ಹೇಳಲಾ?"

"ಹೇಳಿ."

"ಮೂರನೇದು. ಅಳತೆ ತಗೊಳ್ಳೋವಾಗ ಮಾತಾಡ್ತೀರಾ, ಸುಮ್ಮನಿರ್ತೀರಾ ಅಂತ ಕೇಳಿದ್ರಿ. ಸುಮ್ಮನಿರ್ತೀನಿ. ಬಾಯಲ್ಲಿ ಗುಂಡುಪಿನ್ನು ಇರುತ್ತೆ."

ಅವಳು ಜೋರಾಗಿ ನಕ್ಕಳು.

"ಏಳನೇದು. ಊಟಕ್ಕೆ ಯಾರಾದ್ರೂ ಕರೆಯೋರು ಇದ್ದಾರಾ ಅಂತ. ಇಲ್ಲ. ಅಪ್ಪ ಇದ್ದಾಗ ಕರೀತಿದ್ರು. ಈಗ ಹೊಟ್ಟೆಯೇ ಕರೆಯಬೇಕು." ಅವನ ದನಿ ತಗ್ಗಿತು. "ಹನ್ನೊಂದನೇದು..."

"ಬೇಡ, ಅದನ್ನ ಬಿಡಿ."

"ನಿಮ್ಮನ್ನ ಯಾಕೆ ಅಕ್ಕ ಅನ್ನಲ್ಲ ಅಂತ ಕೇಳಿದ್ರಿ." ಅವನು ಈ ಸಲ ನೋಟ ಇಳಿಸಲಿಲ್ಲ. "ಒಂದ್ಸಲ ಅಕ್ಕ ಅಂದ್ಬಿಟ್ರೆ ಆಮೇಲೆ ಬದಲಾಯಿಸೋದು ಕಷ್ಟ ಅಂತ."

ಕಿಟಕಿಯಿಂದ ಬಿಸಿಲು ಬಂದು ಅವರಿಬ್ಬರ ಕಾಲ ಬಳಿ ಚೌಕವಾಗಿ ಬಿದ್ದಿತ್ತು. ಅವಳು ಅದನ್ನೇ ನೋಡುತ್ತ ಕೇಳಿದಳು: "ಆ ಕಟ್ಟಿನಲ್ಲಿ ಏನಿದೆ?"

"ಕೋಟು. ಆರು ವರ್ಷದ ಹಿಂದಿನ ಅಳತೆ. ಆ ಪುಟಕ್ಕೆ ಬೀಗ ಬೀಳುತ್ತಲ್ಲ ಅಂತ ಇಷ್ಟು ವರ್ಷ ಬಟ್ಟೆಗೆ ಕತ್ತರಿ ಹಾಕಿರಲಿಲ್ಲ. ನಿಮ್ಮ ಹನ್ನೊಂದೂ ಓದಿದ ಮೇಲೆ, ಬಿದ್ರೆ ಬೀಳಲಿ ಅನ್ನೋ ಧೈರ್ಯ ಬಂತು. ನಾಲ್ಕು ದಿನ ಬೇರೆ ಯಾವ ಕೆಲಸಾನೂ ಮುಟ್ಟಲಿಲ್ಲ." ಕಾಗದ ಸರಿಸಿ ತೋರಿಸಿದ. ಬೂದು ಬಣ್ಣದ ಉಣ್ಣೆ, ಅಂಚಿನುದ್ದಕ್ಕೂ ಬಿಳಿದಾರದಲ್ಲಿ ಕೈಯಿಂದ ಹಾಕಿದ ಉದ್ದುದ್ದ ಹೊಲಿಗೆ. "ಮೆಷಿನ್ ಹಾಕಿಲ್ಲ. ಹಾಕೋ ಮುಂಚೆ ಮೈಮೇಲೆ ಇಟ್ಟು ನೋಡಬೇಕು. ಅದಕ್ಕೆ ನಾನೇ ಮನೆಗೆ ಬರಬೇಕಾಗುತ್ತೆ. ಚಿಕ್ಕಮ್ಮ ಒಪ್ಪಿದ್ರೆ. ನೀವು ಒಪ್ಪಿದ್ರೆ."

"ಚಿಕ್ಕಮ್ಮನ್ನ ಕೇಳ್ತೀನಿ," ಎಂದಳು ಅವಳು. "ನನ್ನನ್ನ ಕೇಳೋದೇನಿದೆ? ಹನ್ನೊಂದು ಸಲ ಬರೆದಿದೀನಲ್ಲ."

*

ಭಾನುವಾರ ಬೆಳಗ್ಗೆ ಚಿಕ್ಕಮ್ಮ ಮುಂಬಾಗಿಲ ಬೆಳಕಿನಲ್ಲಿ ನೆಟ್ಟಗೆ ನಿಂತಳು. ಆರು ವರ್ಷದಲ್ಲಿ ಮೊದಲ ಸಲ ಹೊರಗಿನವರೊಬ್ಬರ ಮುಂದೆ ಶಾಲು ತೆಗೆದಿಟ್ಟಿದ್ದಳು. ಅವನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಒಂದು ಮಾತೂ ಆಡದೆ, ಎಡಭುಜದ ಮೇಲೆ ಬಟ್ಟೆಯನ್ನು ಮೆಲ್ಲಗೆ ಕೂರಿಸಿದ. ಕೋಟು ಜಾರಲಿಲ್ಲ. ಆ ಭುಜ ಇದ್ದ ಹಾಗೇ ಇರಬೇಕಾದದ್ದು ಎನ್ನುವಂತೆ ಅದಕ್ಕೆ ಒರಗಿ ನಿಂತಿತು.

ಚಿಕ್ಕಮ್ಮ ಕನ್ನಡಿ ನೋಡಿದಳು. ಕೋಟಿನ ಎಡತೋಳು ಸವರಿ, "ಏನಪ್ಪಾ, ತಪ್ಪು ನನ್ನ ಭುಜದ್ದಲ್ಲ ಅಂದೋನು ನೀನೇನಾ?" ಎಂದಳು.

ಬಾಯಲ್ಲಿ ಪಿನ್ನು ಇದ್ದದ್ದರಿಂದ ಅವನು ತಲೆಯಾಡಿಸಿದ.

"ಇವಳಿಗೆ ಅಡುಗೆ ಬಿಟ್ಟು ಬೇರೆಲ್ಲ ಬರುತ್ತೆ. ಆ ತಪ್ಪೂ ಅವಳದಲ್ಲ, ನನ್ನದು. ನೋಡ್ಕೊಂಡು ಒಪ್ಕೋ."

"ಚಿಕ್ಕಮ್ಮಾ!"

ಅವನು ನಗಲು ಹೋಗಿ ಪಿನ್ನುಗಳನ್ನು ಬೊಗಸೆಗೆ ಉದುರಿಸಿಕೊಂಡ.

ಸೋಮವಾರ ಅವಳು ಕಂಪ್ಯೂಟರ್ ಮುಂದೆ ಕೂತು, ಎಂದಿನಂತೆ ಕಣ್ಣು ಮುಚ್ಚಿ ದೇವರನ್ನು ನೆನೆದಳು. ಅಂದು ಬೇಡಿಕೊಳ್ಳಲು ಏನೂ ಹೊಳೆಯಲಿಲ್ಲ. ಹಳೆ ಫೋರಂ ತೆರೆದು ಭುಜದ ಪುಟಕ್ಕೆ ಹೋದಳು. "ಕೋಟು ಆಯಿತೇ?" ಎಂಬ ಅವನ ಕೊನೆಯ ಸಾಲು ಅಲ್ಲೇ ಇತ್ತು. ಇನ್ನು ಬಾಕಿಯಿದ್ದದ್ದು ಮೆಷಿನ್ ಹೊಲಿಗೆಯೊಂದೇ.

"ಆಯಿತು," ಎಂದು ಬರೆದಳು. ಈ ಸಲ ಕಳಿಸಿದಳು.

ಆಮೇಲೆ ಹಸಿರು ಗುರುತಿನ ಮೇಲೆ ಬೆರಳಿಟ್ಟು ಒತ್ತಿದಳು. ಪುಟಕ್ಕೆ ಬೀಗ ಬಿತ್ತು. ಪಕ್ಕದಲ್ಲಿ ಅವಳ ಫೋನು ಸಣ್ಣಗೆ ಮಿನುಗಿತು. ಅವನು ಅಂಗಡಿ ಬಾಗಿಲು ತೆಗೆಯುವ ಹೊತ್ತು ಅದು.